ಟವೆಲ್ಲಿನ ಕೆಳಗಿನ ಕೈ

ಆ ರೋಗಿಯ ಕಡತದಲ್ಲಿ ಎರಡು ಲೆಕ್ಕಗಳಿದ್ದವು, ಎರಡೂ ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಮೊದಲನೆಯದು ನರರೋಗ ತಜ್ಞರು ಬರೆದದ್ದು: ಪಾರ್ಕಿನ್ಸನ್ ಕಾಯಿಲೆ, ಬಲಗೈಯಲ್ಲಿ ನಡುಕ, ಬಲಗಡೆ ತುಸು ಬಿಗಿತ, ಚಲನೆ ನಿಧಾನ, ಇನ್ನೂ ಮೊದಲ ಹಂತ. ಎರಡನೆಯದು ಮನೆಯವರನ್ನು ಕೇಳಿ ನಾನು ತುಂಬಿದ್ದು: ಸ್ನಾನ ಹೆಂಡತಿ ಮಾಡಿಸಬೇಕು, ಅಂಗಿಯ ಗುಂಡಿ ಮಗ ಹಾಕಬೇಕು, ಊಟಕ್ಕೆ ಸಹಾಯ ಬೇಕು, ಮನೆಯಿಂದ ಹೊರಗೆ ಹೋಗುವುದಿಲ್ಲ. ಮೊದಲನೆಯದನ್ನು ಓದಿದರೆ ಈ ಮನುಷ್ಯ ದಿನಾ ಊರೆಲ್ಲ ತಿರುಗಾಡಿ ಬರಬೇಕು. ಎರಡನೆಯದನ್ನು ಓದಿದರೆ ಹಾಸಿಗೆ ಹಿಡಿದು ವರ್ಷಗಳಾದವರು.

ನಾನು ಧಾರವಾಡದ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ವಾರಕ್ಕೊಂದು ದಿನ ನವಲಗುಂದ ತಾಲ್ಲೂಕಿನ ಹಳ್ಳಿಗಳಿಗೆ ಹೋಗಿ, ಆಸ್ಪತ್ರೆಗೆ ಬರಲಾಗದವರನ್ನು ಮನೆಯಲ್ಲೇ ನೋಡುವುದು ಆ ವರ್ಷ ನನ್ನ ಪಾಲಿಗೆ ಬಂದ ಕೆಲಸ. ಚೀಲದಲ್ಲಿ ಒಂದು ಅಳತೆಪಟ್ಟಿ, ಒಂದು ಸ್ಟಾಪ್‌ವಾಚ್, ರಕ್ತದೊತ್ತಡದ ಯಂತ್ರ ಮತ್ತು ಮುದ್ರಿತ ಫಾರ್ಮುಗಳು. ಅಳೆದದ್ದನ್ನು ಮಾತ್ರ ನಂಬಬೇಕು ಎಂಬುದು ನನ್ನ ಸ್ವಭಾವ. ಮನೆಯಲ್ಲೂ ಅನ್ನಕ್ಕೆ ನೀರು ಅಳೆದೇ ಹಾಕುತ್ತೇನೆಂದು ನನ್ನ ತಂಗಿ ಇವತ್ತಿಗೂ ಆಡಿಕೊಳ್ಳುತ್ತಾಳೆ.

ರೋಗಿ ಅರವತ್ತು ದಾಟಿದವರು. ತಿರ್ಲಾಪುರದ ಆಚೆ ಒಂದು ಹಳ್ಳಿ, ಸುತ್ತಲೂ ಎರೆ ಹೊಲ. ನಾನು ಮೊದಲ ಸಲ ಹೋದಾಗ ಹತ್ತಿ ಬಿಡಿಸುವ ಕಾಲ. ಅವರು ದನಗಳ ವ್ಯಾಪಾರದಲ್ಲಿ ದಲಾಲಿ ಮಾಡುತ್ತಿದ್ದವರು. ಮಾರುವವನಿಗೂ ಕೊಳ್ಳುವವನಿಗೂ ನಡುವೆ ನಿಂತು ಎತ್ತಿನ ಬೆಲೆ ಕುದುರಿಸುವುದು ಕೆಲಸ. ಊರಿನವರೆಲ್ಲ ದಲಾಲ ಕಾಕಾ ಎನ್ನುತ್ತಿದ್ದರು. ನಾನೂ ಕಾಕಾ ಎಂದೇ ಕರೆದೆ. ಅವರ ಹೆಂಡತಿಯನ್ನು ಕಾಕು ಎಂದೆ. ಅವರಿಬ್ಬರೂ ನನ್ನನ್ನು, ಶಾಲೆಯ ಟೀಚರನ್ನು ಕರೆಯುವ ಹಾಗೆ, ಅಕ್ಕಾರ ಎಂದರು.

ಆ ದಿನ ಮನೆಯ ಮುಂದಿನ ಅಂಗಳದಲ್ಲೇ ಪರೀಕ್ಷೆ ಶುರು ಮಾಡಿದೆ. ಬೆಳಕು ಚೆನ್ನಾಗಿತ್ತು, ಮೂರು ಮೀಟರ್ ಅಳೆಯಲು ಜಾಗವಿತ್ತು. ಅಕ್ಕಪಕ್ಕದವರು ಹತ್ತು ಹನ್ನೆರಡು ಮಂದಿ ಬಂದು ಕಟ್ಟೆಯ ಮೇಲೆ ಕುಳಿತರು. ಹಳ್ಳಿಯಲ್ಲಿ ಇದು ಇದ್ದದ್ದೇ, ನಾನು ತಲೆಗೆ ಹಚ್ಚಿಕೊಳ್ಳಲಿಲ್ಲ. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕುಳಿತುಕೊಳ್ಳಬೇಕು. ಕಾಕಾ ಅದಕ್ಕೆ ಇಪ್ಪತ್ತೇಳು ಸೆಕೆಂಡು ತೆಗೆದುಕೊಂಡರು. ತಿರುಗುವಾಗ ಕಾಲು ನೆಲಕ್ಕೆ ಅಂಟಿದಂತೆ ಎರಡು ಸಲ ನಿಂತರು.

ಆಮೇಲೆ ಕೈ. ಕೈಯನ್ನು ತೊಡೆಯ ಮೇಲೆ ಸುಮ್ಮನೆ ಇಟ್ಟುಕೊಳ್ಳಿ ಎಂದೆ. ಅವರು ಹೆಗಲ ಮೇಲಿನ ಟವೆಲ್ ತೆಗೆದು ಬಲಗೈ ಮೇಲೆ ಹಾಕಿಕೊಂಡರು.

"ಕಾಕಾ, ಕೈ ಕಾಣಬೇಕಲ್ಲ" ಎಂದು ನಾನೇ ಟವೆಲ್ ತೆಗೆದು ಪಕ್ಕಕ್ಕಿಟ್ಟೆ.

ಕೈ ಜೋರಾಗಿ ನಡುಗಿತು. ಕಟ್ಟೆಯ ಮೇಲೆ ಯಾರೋ "ಅಯ್ಯ ಪಾಪ" ಎಂದರು. ನಾನು ಅಂಕ ಬರೆದುಕೊಂಡೆ. ಮುಂದೆ ಪ್ರತಿ ಭೇಟಿಯಲ್ಲೂ ನನ್ನ ಮೊದಲ ಕೆಲಸ ಅದೇ ಆಯಿತು: ಅವರು ಟವೆಲ್ ಹೊದಿಸಿಕೊಳ್ಳುವುದು, ನಾನು ತೆಗೆಯುವುದು.

ಮನಸ್ಸಿನ ಸ್ಥಿತಿಯ ಬಗ್ಗೆಯೂ ಒಂದು ಪ್ರಶ್ನಾವಳಿ ಇತ್ತು. ಯಾರೋ ಅದನ್ನು ಬಹಳ ಶುದ್ಧವಾದ ಕನ್ನಡಕ್ಕೆ ತಂದಿದ್ದರು. "ದೈನಂದಿನ ಚಟುವಟಿಕೆಗಳಲ್ಲಿ ನಿಮಗೆ ನಿರಾಸಕ್ತಿ ಉಂಟಾಗಿದೆಯೇ?" ಎಂದು ಓದಿದೆ.

"ಅಂದ್ರ ಏನ್ರಿ?"

"ಏನೂ ಮಾಡಬೇಕು ಅನಸೋದಿಲ್ಲೇನು ಅಂತ ಕೇಳ್ತಾರೆ."

"ಹಂಗೇನಿಲ್ರಿ. ಛಲೋ ಐತ್ರಿ."

ಹದಿನೈದು ಪ್ರಶ್ನೆಗೂ ಛಲೋ ಐತ್ರಿ. ಕಟ್ಟೆಯ ಮೇಲೆ ಊರೇ ಕುಳಿತಿರುವಾಗ ಇನ್ನೇನು ಹೇಳಬೇಕಿತ್ತು ಎಂದು ಆಗ ನನಗೆ ಹೊಳೆಯಲಿಲ್ಲ. ಖಿನ್ನತೆ ಇಲ್ಲ ಎಂದು ಬರೆದು ಫಾರ್ಮು ಮಡಿಚಿದೆ.

ಎರಡು ಲೆಕ್ಕ ತಾಳೆಯಾಗದಿದ್ದಾಗ ತಜ್ಞರ ಲೆಕ್ಕವೇ ಹಳತಾಗಿರಬೇಕು, ರೋಗ ಮುಂದುವರಿದಿರಬೇಕು ಎಂದು ತೀರ್ಮಾನಿಸಿದೆ. ಇಪ್ಪತ್ತೇಳು ಸೆಕೆಂಡು, ಕಾಲು ಅಂಟುವುದು, ನಡುಕದ ಅಂಕ, ಎಲ್ಲ ಬರೆದು ಅವರಿಗೆ ಕಳಿಸಿದೆ. ಅವರು ನನ್ನ ವರದಿಯನ್ನು ನಂಬಿ ಮಾತ್ರೆಯನ್ನು ದಿನಕ್ಕೆ ಮೂರು ಹೊತ್ತೂ ಅರ್ಧರ್ಧ ಹೆಚ್ಚಿಸಿದರು. ಹತ್ತು ದಿನದ ನಂತರ ಕಾಕಾನ ಮಗ ಫೋನ್ ಮಾಡಿದ. ಅವನು ಟಂಟಂ ಆಟೋ ಓಡಿಸುವವನು, ಗಾಡಿಯ ಸದ್ದಿನ ನಡುವೆಯೇ ಕೂಗಿ ಹೇಳಿದ.

"ಅಕ್ಕಾರ, ಅಪ್ಪ ಹಾಸಿಗಿಂದ ಎದ್ದು ನಿಂತಾನ್ರಿ, ನಿಂತಲ್ಲೇ ಬಿದ್ದಾನ್ರಿ. ಹಣಿ ಒಡದೈತಿ."

ಮರುದಿನವೇ ಹೋದೆ. ಮಲಗಿದಾಗ ಒಮ್ಮೆ, ನಿಂತು ಒಂದು ನಿಮಿಷಕ್ಕೆ ಒಮ್ಮೆ ರಕ್ತದೊತ್ತಡ ನೋಡಿದೆ. ನಿಂತಾಗ ಧಡಕ್ಕನೆ ಇಳಿಯುತ್ತಿತ್ತು. ಮಾತ್ರೆ ಹೆಚ್ಚಾದದ್ದೇ ಕಾರಣ. ತಜ್ಞರಿಗೆ ಫೋನ್ ಮಾಡಿದೆ, ಅವರು ಮೊದಲಿನ ಪ್ರಮಾಣಕ್ಕೇ ಇಳಿಸಿದರು. ಹಣೆಯ ಮೇಲೆ ಹಾಕಿದ್ದ ನಾಲ್ಕು ಹೊಲಿಗೆಗಳನ್ನು ನೋಡುತ್ತ ಕುಳಿತಾಗ ನನಗೆ ನಿಜವಾಗಿ ಹೆದರಿಕೆಯಾಯಿತು. ಬಿದ್ದ ರಭಸಕ್ಕೆ ಸೊಂಟ ಮುರಿದಿದ್ದರೆ ಅವರು ಮತ್ತೆ ಏಳುತ್ತಿರಲಿಲ್ಲ, ಅದಕ್ಕೆ ನನ್ನ ಕಾಗದವೇ ಕಾರಣವಾಗುತ್ತಿತ್ತು. ಕಾಕು ಮಾತ್ರ ಎಂದಿನಂತೆ ಚಹಾ ತಂದುಕೊಟ್ಟರು.

ಔಷಧಿಯಿಂದ ಆಗದ್ದನ್ನು ವ್ಯಾಯಾಮದಿಂದ ಮಾಡೋಣ ಎಂದು ಇನ್ನೊಂದು ದಾರಿ ಹಿಡಿದೆ. ಬಲಗೈ ನಡುಗುತ್ತದೆ, ಎಡಗೈ ಚೆನ್ನಾಗಿದೆ. ಹಾಗಾದರೆ ಎಡಗೈಗೇ ಕೆಲಸ ಕಲಿಸಬೇಕು. ಗುಂಡಿ ಹಾಕುವುದು, ಚಮಚ ಹಿಡಿಯುವುದು, ಬಟ್ಟೆಯ ಕ್ಲಿಪ್ಪುಗಳನ್ನು ಹಗ್ಗಕ್ಕೆ ಸಿಕ್ಕಿಸುವುದು, ಲೋಟದಿಂದ ಲೋಟಕ್ಕೆ ನೀರು ಸುರಿಯುವುದು. ಮೂರು ವಾರ. ಕಾಕಾ ಹೇಳಿದ್ದೆಲ್ಲ ಮಾಡಿದರು, ಮನಸ್ಸಿಲ್ಲದ ಹುಡುಗ ಮಗ್ಗಿ ಬರೆದ ಹಾಗೆ. ಮೂರನೆಯ ವಾರಕ್ಕೆ ಎಡಗೈಯಿಂದ ಗುಂಡಿ ಹಾಕುವುದು ಒಂದೂವರೆ ನಿಮಿಷಕ್ಕೆ ಬಂತು. ನನಗೆ ಖುಷಿ. ಆದರೆ ಅವರು ಮನೆಯ ಹೊಸ್ತಿಲು ದಾಟಲಿಲ್ಲ, ನಾನು ಇಲ್ಲದ ದಿನ ಗುಂಡಿಯನ್ನು ಮಗನೇ ಹಾಕುತ್ತಿದ್ದ.

ನಾಲ್ಕನೆಯ ವಾರ ನಾನು ಹೇಳಿದ ಹೊತ್ತಿಗಿಂತ ಒಂದು ಗಂಟೆ ಮೊದಲೇ ಮುಟ್ಟಿದೆ, ಬಸ್ಸು ಅಪರೂಪಕ್ಕೆ ಬೇಗ ಬಂದಿತ್ತು. ಬಾಗಿಲಲ್ಲಿ ಯಾರೂ ಇರಲಿಲ್ಲ. ಒಳಗೆ ಹೋದೆ. ಅಡುಗೆಮನೆಯಲ್ಲಿ ಕಾಕು ರೊಟ್ಟಿ ಬಡಿಯುತ್ತಿದ್ದರು. ನನ್ನನ್ನು ಕಂಡವರೇ ತುಟಿಯ ಮೇಲೆ ಬೆರಳಿಟ್ಟು ಹಿತ್ತಿಲ ಬಾಗಿಲ ಕಡೆ ಕಣ್ಣು ತೋರಿಸಿದರು.

ಹಿತ್ತಿಲಲ್ಲಿ ದನದ ಕೊಟ್ಟಿಗೆ. ಕಾಕಾ ಒಬ್ಬರೇ ಇದ್ದರು. ಬಲಗೈಯಲ್ಲಿ ನೀರಿನ ಬಕೆಟ್ ಎತ್ತಿ ತಂದು ಎಮ್ಮೆಯ ಮುಂದಿಟ್ಟರು. ಕರುವಿನ ಕೊರಳ ಹಗ್ಗ ಸಡಿಲಾಗಿತ್ತು, ಅದನ್ನು ಬಿಚ್ಚಿ ಎರಡೂ ಕೈಯಿಂದ ಗಂಟು ಹಾಕಿದರು. ನಿಧಾನವಾಗಿ ಹಾಕಿದರು, ಆದರೆ ತಪ್ಪದೆ ಹಾಕಿದರು. ಗೋದಲಿಯಿಂದ ಗೂಟದವರೆಗೆ, ಗೂಟದಿಂದ ಬಾಗಿಲವರೆಗೆ ನಡೆದಾಡಿದರು. ಎಲ್ಲೂ ಕಾಲು ಅಂಟಲಿಲ್ಲ.

ನನಗೆ ಮೊದಲು ಬಂದದ್ದು ಸಿಟ್ಟು. ನಾಲ್ಕು ತಾಸು ಬಸ್ಸಿನಲ್ಲಿ ಹೋಗಿ ಬಂದು ಈ ಮನುಷ್ಯನಿಗೆ ಕ್ಲಿಪ್ಪು ಸಿಕ್ಕಿಸಲು ಕಲಿಸುತ್ತಿದ್ದೇನೆ, ಇವರು ನನ್ನ ಮುಂದೆ ಸೋಗು ಹಾಕುತ್ತಿದ್ದಾರೆ ಎಂದುಕೊಂಡೆ. ಬಾಗಿಲಿಗೆ ಒಂದು ಹೆಜ್ಜೆ ಮುಂದೆ ಬಂದೆ. ಕಾಕಾ ತಿರುಗಿ ನೋಡಿದರು. ನೋಡಿದ ಕ್ಷಣವೇ ಬಲಗೈ ಮಣಿಕಟ್ಟಿನಿಂದ ನಡುಗತೊಡಗಿತು, ಹೆಗಲು ಬಿಗಿಯಾಯಿತು, ಎತ್ತಿದ ಕಾಲು ಎತ್ತಿದಲ್ಲೇ ತಡೆಯಿತು. ಅದು ಸೋಗಲ್ಲ. ಹಾಗೆ ನಡುಗುವುದು ಬೇಕೆಂದು ಮಾಡಿದರೆ ಬರುವುದಿಲ್ಲ, ಅಷ್ಟು ನಡುಕಗಳನ್ನು ನೋಡಿದ್ದೇನೆ. ಈ ಕಾಯಿಲೆಯ ನಡುಕ ಮನಸ್ಸು ಬಿಗಿಯಾದಾಗ ಹೆಚ್ಚುತ್ತದೆ ಎಂದು ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಂಡವಳು ನಾನು. ಆ ಬಿಗಿಯನ್ನು ವಾರವಾರ ಧಾರವಾಡದಿಂದ ಹೊತ್ತು ತರುತ್ತಿದ್ದವಳೂ ನಾನೇ.

ಏನೂ ಕಾಣದವಳಂತೆ ಒಳಗೆ ಬಂದು ಕಾಕುವಿನ ಪಕ್ಕ ಕುಳಿತೆ.

"ದಿನಾ ಹಿಂಗೇನ್ರಿ ಕಾಕು?"

"ದಿನಾ ಹಿಂಗ್ರಿ. ಮಂದಿ ಇಲ್ಲಂದ್ರ ಅಗದಿ ಆರಾಮ ಇರ್ತಾರ. ಯಾರರ ಬಂದ್ರಂದ್ರ ಮುಗೀತು. ಅವ್ರು ಅಂಗಿ ಹಾಕ್ಕೊಳ್ಳೂದು ಯಾರರ ನೋಡಿದ್ರ ಚಂದ ಕಾಣಂಗಿಲ್ಲಂತ ನಾವ ಹಾಕ್ತೇವ್ರಿ."

ಮಾಡಲಾಗುವುದಿಲ್ಲ ಎಂದು ನಾನು ಗುರುತು ಹಾಕಿದ್ದ ಸಾಲುಗಳಲ್ಲಿ ಅರ್ಧಕ್ಕೆ ಮೇಲ್ಪಟ್ಟು ಮನೆಯವರು ಮಾಡಗೊಡುವುದಿಲ್ಲ ಎಂಬಂಥವಾಗಿದ್ದವು. ಆ ಫಾರ್ಮಿನಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ.

ಯಾವಾಗಿನಿಂದ ಹೀಗೆ ಎಂದು ಕೇಳಿದೆ. ಕಾಕು ಹಂಚಿನ ಮೇಲಿನ ರೊಟ್ಟಿ ಮಗುಚಿ ಹಾಕಿ ಹೇಳಿದರು.

"ಕೈ ನಡಗಾಕ ಹತ್ತಿ ಎರಡ ವರ್ಷಾತ್ರಿ. ಅವಾಗೂ ಸಂತಿಗೆ ಹೋಗ್ತಿದ್ರು. ಹೋದ ವರ್ಷ ಒಂದಿನ ಸಂತ್ಯಾಗ ಏನೋ ಮಾತಾತು ನೋಡ್ರಿ, ಅವತ್ತಿಂದ ಹೊರಗ ಬಿದ್ದಿಲ್ಲ. ಏನಾತಂತ ನನ್ನ ಮುಂದ ಹೇಳಂಗಿಲ್ಲ. ಮಗ ಹೇಳಿದ್ದು ನನಗ ಗೊತ್ತು."

ಮಗ ಹೇಳಿದ್ದು ಇದು. ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಇಬ್ಬರು ದಲಾಲರು ಎದುರುಬದುರು ನಿಂತು ಬಲಗೈ ಕೊಟ್ಟುಕೊಳ್ಳುತ್ತಾರೆ, ಕೈಗಳ ಮೇಲೆ ಟವೆಲ್ ಹಾಕುತ್ತಾರೆ. ಕೆಳಗೆ ಬೆರಳಿನಲ್ಲೇ ಮಾತು, ಸಾವಿರವೋ ಹತ್ತು ಸಾವಿರವೋ ಎಂಬುದು ದನ ನೋಡಿದಾಗಲೇ ಇಬ್ಬರಿಗೂ ಗೊತ್ತಿರುತ್ತದೆ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಅಂಗೈ ಹಿಡಿದರೆ ಐದು, ಅಂಗೈ ಹಿಡಿದ ಮೇಲೆ ಇನ್ನೊಂದು ಬೆರಳು ಒತ್ತಿದರೆ ಆರು. ಸುತ್ತ ನಿಂತ ಮಂದಿಗೆ ಟವೆಲ್ ಅಲ್ಲಾಡುವುದಷ್ಟೇ ಕಾಣುತ್ತದೆ. ಆ ದಿನ ಕಾಕಾ ಮಾರುವವನ ಪರವಾಗಿ ಐದು ಎಂದು ಕೈ ಹಿಡಿದಿದ್ದರು. ಎದುರಿನ ದಲಾಲರಿಗೆ ಅದು ಆರು ಎಂದು ತಿಳಿಯಿತು. ಅವರು ಬೇಡವೆಂದು ಹೋದರು. ಸ್ವಲ್ಪ ಹೊತ್ತಿನಲ್ಲಿ ಅದೇ ಎತ್ತಿನ ಜೋಡಿ ಐದಕ್ಕೆ ಬೇರೆಯವರಿಗೆ ಹೋಯಿತು. ಆ ದಲಾಲರು ತಿರುಗಿ ಬಂದು ಸಂತೆಯ ನಡುವೆ ನಿಂತು ಕೂಗಿದರಂತೆ, ನನಗೊಂದು ಬೆಲೆ, ಅವರಿಗೊಂದು ಬೆಲೆ, ಇಂಥ ಕೈಯಲ್ಲಿ ಇನ್ನು ಕೈ ಇಡುವುದಿಲ್ಲ ಎಂದು.

ಆ ದಲಾಲರು ಕಾಕಾನೊಡನೆ ಇಪ್ಪತ್ತು ವರ್ಷ ವ್ಯಾಪಾರ ಮಾಡಿದವರು. ಕೆಂಪು ರುಮಾಲು ಸುತ್ತುತ್ತಾರೆ ಎಂದು ಮಗ ಹೇಳಿದ್ದರಿಂದ ನಾನು ಅವರನ್ನು ಕೆಂಪು ರುಮಾಲಿನವರು ಎಂದೇ ನೆನಪಿಟ್ಟುಕೊಂಡೆ.

ಕಾಕಾ ಕೈಕಾಲು ತೊಳೆದು ಪಡಸಾಲೆಗೆ ಬಂದು ಕುಳಿತರು. ಟವೆಲ್ ಬಲಗೈ ಮೇಲೆ. ನಾನು ಅವತ್ತು ಅದನ್ನು ಮುಟ್ಟಲಿಲ್ಲ. ಅಂಗಳದ ಬಾಗಿಲು ಮುಂದಕ್ಕೆ ಮಾಡಿ, ಫಾರ್ಮುಗಳನ್ನು ಚೀಲದಲ್ಲಿಟ್ಟು ಕುಳಿತೆ.

"ಕಾಕಾ, ಸಂತಿ ಮಾತು ಕೇಳಿದೆ. ನನಗ್ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲಲ್ರಿ. ನೀವು ಗುಂಡಿ ಹಾಕ್ಕೊಳ್ಳಾಕ ಬರ್ತೈತೇನು, ಚಮಚ ಹಿಡಿಯಾಕ ಬರ್ತೈತೇನು ಅಂತ ಕೇಳಿದ್ರಿ. ನಾ ಹುಟ್ಟಿದಾಗಿಂದ ಚಮಚಲೆ ಉಂಡಿಲ್ರಿ."

 ಅವರಿಗೆ ಮಾತಿನ ಕಟ್ಟು ಒಡೆದಿತ್ತು.

"ಮತ್ತ ಮೂರ ವಾರ ಎಡಗೈಗೆ ಕಲಿಸಿದ್ರಿ. ಎಡಗೈ ಮುಂದ ಮಾಡಿ ಎತ್ತಿನ ಬೆಲಿ ಕೇಳಿದ್ರ ಅಂವ ಬಾರಕೋಲ ತಗೋತಾನ್ರಿ. ಎಡಗೈ ಯಾರರ ಕೊಡ್ತಾರ?"

ನಗು ಬಂತು, ನಾಚಿಕೆಯೂ ಆಯಿತು. ಯಾರೂ ಹಿಡಿಯದ ಕೈಯೊಂದನ್ನು ಮೂರು ವಾರ ತಯಾರು ಮಾಡಿದ್ದೆ. ಅಂಗೈ ಮುಂದೆ ಚಾಚಿ, ಆ ವ್ಯಾಪಾರ ಹೇಗೆ ಮಾಡುವುದೋ ನನಗೆ ತೋರಿಸಿ ಎಂದೆ.

ಅವರು ಅನುಮಾನಿಸಿದರು. "ಹೆಣ್ಣಮಕ್ಕಳು ಟವಲ್ಲಿನಾಗ ಕೈ ಹಾಕಂಗಿಲ್ರಿ."

"ನಾ ಎತ್ತು ಕೊಳ್ಳಾಕ ಬಂದಿಲ್ಲ ಕಾಕಾ, ಕೈ ನೋಡಾಕ ಬಂದೇನಿ."

ಕಾಕು ಅಡುಗೆಮನೆಯಿಂದ, "ಕೊಡ್ರಿ, ಡಾಕ್ಟರ ಅದಾರ ಅವ್ರು" ಎಂದರು.

ಟವೆಲ್ಲಿನ ಕೆಳಗೆ ಕಾಕಾ ನನ್ನ ಕೈ ತೆಗೆದುಕೊಂಡರು. ಅದುವರೆಗೆ ನಾನು ಅವರ ನಡುಕವನ್ನು ಕಣ್ಣಿನಿಂದ ನೋಡಿ ಅಂಕ ಹಾಕುತ್ತಿದ್ದೆ. ಈಗ ಕಾಣುವುದೇನೂ ಇರಲಿಲ್ಲ, ಸ್ಪರ್ಶಕ್ಕೆ ತಿಳಿದದ್ದಷ್ಟೇ. ಮೊದಲು ಅವರ ಬೆರಳುಗಳು ನನ್ನ ಅಂಗೈಯಲ್ಲಿ ನಡುಗಿದವು. ಆಮೇಲೆ ನನ್ನ ಎರಡು ಬೆರಳನ್ನು ಗಟ್ಟಿಯಾಗಿ ಹಿಡಿದು "ಇಷ್ಟು" ಎಂದರು. ಹಿಡಿದ ಗಳಿಗೆಯಲ್ಲಿ ನಡುಕ ನಿಂತಿತು. ಪೂರ್ತಿ ನಿಂತಿತು. ಬಿಟ್ಟು, ನನ್ನ ಉತ್ತರಕ್ಕಾಗಿ ಕೈಯನ್ನು ನನ್ನ ಅಂಗೈಯಲ್ಲಿ ಸುಮ್ಮನೆ ಇಟ್ಟರು. ಎರಡು ಮೂರು ಸೆಕೆಂಡಿಗೆ ನಡುಕ ಮತ್ತೆ ಶುರುವಾಯಿತು, ತೋರುಬೆರಳು ನನ್ನ ಅಂಗೈಗೆ ಟಕಟಕ ಬಡಿಯಿತು. ಗೊತ್ತಿಲ್ಲದವರಿಗೆ ಅದು ಇನ್ನೊಂದು ಎಂದೇ ತಿಳಿಯುತ್ತದೆ.

"ಕಾಕಾ, ಇನ್ನೊಮ್ಮೆ."

ಹತ್ತು ಸಲ ಮಾಡಿಸಿದೆ. ಹತ್ತೂ ಸಲ ಹಾಗೇ. ಹಿಡಿದರೆ ನಿಲ್ಲುತ್ತದೆ, ಬಿಟ್ಟು ಕಾದರೆ ಬರುತ್ತದೆ. ವಿಶ್ರಾಂತಿಯಲ್ಲಿರುವಾಗ ಬರುವ ನಡುಕ, ಕೆಲಸಕ್ಕೆ ಹಚ್ಚಿದರೆ ತಗ್ಗುವ ನಡುಕ. ಈ ಕಾಯಿಲೆಯ ಮೊದಲ ಪಾಠವೇ ಅದು. ನನಗೆ ಗೊತ್ತಿದ್ದದ್ದು ಅವರಿಗೆ ಗೊತ್ತಿರಲಿಲ್ಲ, ಅವರ ಕೈಯ ಕೆಲಸ ಏನೆಂಬುದು ನನಗೆ ಗೊತ್ತಿರಲಿಲ್ಲ.

"ಕಾಕಾ, ನಿಮ್ಮ ಕೈ ಆವತ್ತು ಸುಳ್ಳು ಹೇಳಿಲ್ಲ. ಐದು ಅಂತ ಹಿಡದದ್ದು ಖರೇನ ಐದು. ಬಿಟ್ಟ ಮ್ಯಾಲೆ ನಡಗಿದ್ದನ್ನ ಅವ್ರು ಎಣಿಸ್ಯಾರ."

 ಕಾಕಾ ಟವೆಲ್ಲಿನ ತುದಿಯಿಂದ ಕಣ್ಣು ಒರೆಸಿಕೊಂಡರು. ಒಂದು ವರ್ಷ ಅವರು ತಮ್ಮ ಕೈಯೇ ಮೋಸ ಮಾಡಿತೆಂದು ತಿಳಿದಿದ್ದರು.

ಆ ದಿನ ನನ್ನ ಯೋಜನೆಯನ್ನೆಲ್ಲ ಬದಲಿಸಿದೆ. ಕ್ಲಿಪ್ಪು, ಚಮಚ ಬಿಟ್ಟೆ. ಗುರಿ ಒಂದೇ: ಈ ಕೈ ಮತ್ತೆ ಟವೆಲ್ಲಿನ ಕೆಳಗೆ ಹೋಗಬೇಕು. ಆಸ್ಪತ್ರೆಯ ಫಾರ್ಮಿನಲ್ಲಿ ಗುರಿ ಎಂಬ ಸಾಲಿನಲ್ಲಿ ಹಾಗೆಯೇ ಬರೆದೆ. ನಮ್ಮ ಮುಖ್ಯಸ್ಥರು ಅದರ ಕೆಳಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಕಳಿಸಿದರು. ನಾನು ಉತ್ತರ ಬರೆಯಲಿಲ್ಲ. ತಜ್ಞರಿಗೆ ಮಾತ್ರ ಪರೀಕ್ಷೆಯನ್ನು ಅಂಗಳದಲ್ಲಿ ಮಾಡಿದ್ದು ನನ್ನ ತಪ್ಪೆಂದು ತಿಳಿಸಿ, ಬಾಗಿಲು ಹಾಕಿಕೊಂಡು ಮತ್ತೆ ಅಳೆದ ಲೆಕ್ಕ ಕಳಿಸಿದೆ. ಅದೇ ಮೂರು ಮೀಟರಿಗೆ ಹದಿನೈದು ಸೆಕೆಂಡು. ಪ್ರಶ್ನಾವಳಿಯನ್ನೂ ನನ್ನದೇ ಮಾತಿನಲ್ಲಿ, ಇಬ್ಬರೇ ಇರುವಾಗ ಮತ್ತೆ ಕೇಳಿದ್ದೆ. ಒಂದಕ್ಕೂ ಛಲೋ ಐತ್ರಿ ಎನ್ನಲಿಲ್ಲ. ತಜ್ಞರು ಮನಸ್ಸಿಗೆ ಒಂದು ಸಣ್ಣ ಮಾತ್ರೆ ಸೇರಿಸಿ, ಈ ಸಲ ರಕ್ತದೊತ್ತಡ ವಾರವಾರ ನೋಡು ಎಂದು ಎಚ್ಚರಿಸಿದರು.

ಅಭ್ಯಾಸ ಹೀಗಿತ್ತು. ಬೆರಳು ಹಿಡಿದು ಬೆಲೆ ಹೇಳಿದ ಮೇಲೆ ಕೈಯನ್ನು ಖಾಲಿ ಬಿಡಬಾರದು. ಕೂಡಲೇ ಎದುರಿನವರ ಮಣಿಕಟ್ಟನ್ನು ಹಿಡಿದುಕೊಂಡು ಕಾಯಬೇಕು. ಮೊದಲು ಕಾಕುವಿನೊಡನೆ. ಕಾಕು ಟವೆಲ್ಲಿನ ಕೆಳಗೆ ಕೈ ಕೊಟ್ಟು, "ನಲವತ್ತ ವರ್ಷದಾಗ ಇವತ್ತ ನೋಡ್ರಿ ನನ್ನ ಕೂಡ ವ್ಯಾಪಾರದ ಮಾತು ಆಡಿದ್ದು" ಎಂದು ನಕ್ಕರು. ಆಮೇಲೆ ಮಗನೊಡನೆ, ಮೊದಲು ಬಾಗಿಲು ಹಾಕಿ, ಮುಂದಿನ ವಾರ ತೆಗೆದು. ಸ್ನಾನ, ಅಂಗಿ, ಊಟದಲ್ಲಿ ಮನೆಯವರು ಕೈ ಹಾಕಬಾರದು ಎಂದೂ ಕಟ್ಟುನಿಟ್ಟು ಮಾಡಿದೆ. ಮಗನಿಗೆ ಅದೇ ಕಷ್ಟವಾಯಿತು. ಅಪ್ಪ ಗುಂಡಿಯೊಡನೆ ಗುದ್ದಾಡುವುದನ್ನು ನೋಡಲಾಗದೆ ಹೊರಗೆ ಹೋಗಿ ಟಂಟಂ ಒರೆಸುತ್ತ ನಿಲ್ಲುತ್ತಿದ್ದ.

ಈ ಅಭ್ಯಾಸ ಶುರುವಾದ ಐದನೆಯ ವಾರ ನೆರೆಯ ಇಬ್ಬರು ಗಂಡಸರನ್ನು ಕರೆಸಿ ಕಟ್ಟೆಯ ಮೇಲೆ ಮಾಡಿಸಿದೆ. ಅದು ಕೆಟ್ಟಿತು. ನೋಡುವ ಕಣ್ಣುಗಳಿದ್ದಾಗ ಹಿಡಿದ ಕೈಯೂ ನಡುಗಿತು. ಕಾಕಾ ಟವೆಲ್ ಕಿತ್ತು ಎಸೆದು ಒಳಗೆ ಹೋದರು. ಎರಡು ವಾರ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಬೇಗ ಮುಂದೆ ತಳ್ಳಿದ್ದೆ, ಅದೂ ನನ್ನದೇ ತಪ್ಪು.

ಅದರ ಮುಂದಿನ ವಾರ ನಾನೊಂದು ಸುಲಭದ ದಾರಿ ಹೇಳಿದೆ. "ಕೆಂಪು ರುಮಾಲಿನವರಿಗೆ ನಾನ ಹೋಗಿ ಹೇಳಲೇನು? ಇದು ಬ್ಯಾನಿ, ಮೋಸ ಅಲ್ಲ ಅಂತ?"

"ಬ್ಯಾಡ್ರಿ ಅಕ್ಕಾರ. ಬ್ಯಾನಿ ಅಂದ್ರ ಕನಿಕರ ಮಾಡ್ತಾರ. ಕನಿಕರಕ್ಕ ಯಾರರ ವ್ಯಾಪಾರ ಕೊಡ್ತಾರೇನ್ರಿ?"

"ಹಂಗಂದ್ರ ಎಷ್ಟು ದಿನ ಮುಚ್ಚಿ ಇಡ್ತೀರಿ?"

ಅವರು ಟವೆಲ್ ಕೊಡವಿ ಹೆಗಲ ಮೇಲೆ ಹಾಕಿಕೊಂಡು ಕೊಟ್ಟಿಗೆಯ ಕಡೆ ಎದ್ದು ಹೋದರು. ನಾನೂ ಒತ್ತಾಯಿಸಲಿಲ್ಲ. ರೋಗದ ಮಾತು ರೋಗಿಯದು, ಅದನ್ನು ಯಾರಿಗೆ ಹೇಳಬೇಕು ಎಂಬುದೂ ಅವರದೇ. ಹೇಳಿಬಿಡಬೇಕೆಂದು ನನ್ನ ನಾಲಿಗೆ ತುದಿಯವರೆಗೆ ಬಂದಿತ್ತು, ಅದನ್ನು ಮುಚ್ಚಿಡುವುದಿಲ್ಲ. ಆಮೇಲಿನ ಭೇಟಿಗಳಲ್ಲಿ ಮಣಿಕಟ್ಟು ಹಿಡಿಯುವ ಅಭ್ಯಾಸವನ್ನಷ್ಟೇ, ಬಾಗಿಲು ತೆರೆದು, ಮುಂದುವರಿಸಿದೆವು.

ಬೇಸಿಗೆ ಏರುವ ಹೊತ್ತಿಗೆ ಊರಿನ ಒಬ್ಬ ರೈತ ತನ್ನ ಎತ್ತಿನ ಜೋಡಿ ಮಾರಬೇಕೆಂದು ಕಾಕಾನ ಮನೆಗೆ ಬಂದ. ಬೇರೆ ದಲಾಲರು ಬೇಡ, ನೀವೇ ಬರಬೇಕು ಎಂದ. ಕಾಕಾ ಆಗುವುದಿಲ್ಲ ಎಂದರು. ಅವನು ಮರುದಿನ ಮತ್ತೆ ಬಂದ. ಮೂರನೆಯ ದಿನ ಕಾಕಾ ಮಗನಿಂದ ನನಗೆ ಫೋನ್ ಮಾಡಿಸಿದರು.

"ಸಂತಿಗೆ ಹೋಗೂಣಂತಾನ್ರಿ ಅಪ್ಪ. ನೀವೂ ಬರಬೇಕಂತ. ದೂರ ನಿಂದರಬೇಕಂತ."

ಹೋದೆ. ಆ ದಿನ ನನ್ನ ಪಟ್ಟಿಯಲ್ಲಿ ಬೇರೆ ಊರಿತ್ತು, ರಜೆ ಬರೆದು ಹೋದೆ. ಬೆಳಗಿನ ಎಂಟು ಗಂಟೆಗೆ ಸಂತೆಯ ಬಯಲಲ್ಲಿ ಧೂಳು ಎದ್ದಿತ್ತು. ಚಹಾದ ಅಂಗಡಿಯ ಬದಿಯಲ್ಲಿ ನಿಂತೆ. ಹೆಂಗಸರು ಕಡಿಮೆ, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅದೊಂದು ಲಾಭ, ಅಷ್ಟಾದರೂ ಕಣ್ಣುಗಳು ಕಾಕಾನನ್ನು ಬಿಟ್ಟಿದ್ದವು. ಕಾಕಾ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಮೇಲಿನ ಗುಂಡಿ ಒಂದು ಮನೆ ತಪ್ಪಿತ್ತು. ತಾವೇ ಹಾಕಿಕೊಂಡದ್ದು ಎಂದು ಅದರಿಂದಲೇ ತಿಳಿಯಿತು.

ಎತ್ತುಗಳ ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದವರ ನಡುವೆ ಒಂದು ಕೆಂಪು ರುಮಾಲು ಕಂಡಿತು. ಕಾಕಾನನ್ನು ಕಂಡು ಆ ರುಮಾಲು ಬೇರೆ ಕಡೆ ತಿರುಗಿತು. ಸಂತೆಯಲ್ಲಿ ಆ ಜೋಡಿಗೆ ಗಿರಾಕಿ ಇದ್ದದ್ದು ಅವರ ಕಡೆಯಲ್ಲೇ. ಕಾಕಾ ನಿಂತಲ್ಲೇ ನಿಂತರು. ಕಾಲು ಅಂಟಿತು. ನಾನು ಚೀಲದಲ್ಲಿ ಸ್ಟಾಪ್‌ವಾಚ್ ಹಿಡಿದುಕೊಂಡಿದ್ದೆ, ಅಭ್ಯಾಸ ಬಲದಿಂದ ಒತ್ತಿಯೂ ಬಿಟ್ಟಿದ್ದೆ. ಎಷ್ಟು ಹೊತ್ತಾಯಿತೋ, ಕಾಕಾ ಎಡಗಾಲು ಎತ್ತಿ ನಾಲ್ಕು ಹೆಜ್ಜೆ ಹೋಗಿ ಅವರ ಮುಂದೆ ನಿಂತರು. ಹೆಗಲ ಮೇಲಿನ ಟವೆಲ್ ತೆಗೆದು ಎಡಗೈಯಲ್ಲಿ ಹಿಡಿದರು. ಬಲಗೈಯನ್ನು ಮುಂದೆ ಚಾಚಿದರು. ಮುಚ್ಚದೆ, ಎಲ್ಲರ ಕಣ್ಣ ಮುಂದೆ. ಅದು ನಡುಗುತ್ತಿತ್ತು.

 ಕಾಕಾನ ದನಿ ನನಗೆ ಚಹಾದ ಅಂಗಡಿಯವರೆಗೆ ಕೇಳಿಸಿತು.

"ನೋಡಪಾ, ನನ್ನ ಕೈ ನಡಗತೈತಿ. ಬ್ಯಾನಿ ಐತಿ. ನಡಗೂದು ನಂದಲ್ಲ, ಅದನ್ನ ಎಣಸಬ್ಯಾಡ. ಹಿಡದದ್ದಷ್ಟ ನಂದು. ಒಪ್ಪಿದ್ರ ಕೈ ಕೊಡು, ಇಲ್ಲಂದ್ರ ಬಿಡು."

ನಾನು ಕಲಿಸಿದ್ದು ಇದಲ್ಲ. ನಾನು ನಡುಕವನ್ನು ಹೇಗೆ ಅಡಗಿಸಬೇಕೆಂದು ಕಲಿಸಿದ್ದೆ.

ಕೆಂಪು ರುಮಾಲಿನವರು ಆ ಕೈಯನ್ನು ನೋಡಿದರು, ಕಾಕಾನ ಮುಖ ನೋಡಿದರು. "ಆವತ್ತೂ ಹಿಂಗ ನಡಗಿತ್ತೇನು?" ಎಂದು ಕೇಳಿದರು. ಕಾಕಾ ಹೌದೆಂದು ತಲೆ ಆಡಿಸಿದರು. ಆಗ ರುಮಾಲಿನವರು ತಮ್ಮ ಬಲಗೈ ಕೊಟ್ಟು, ಇನ್ನೊಂದು ಕೈಯಿಂದ ತಾವೇ ಟವೆಲ್ ಎಳೆದು ಮೇಲೆ ಹಾಕಿದರು.

ಆಮೇಲಿನದಕ್ಕೆ ನನ್ನಲ್ಲಿ ದಾಖಲೆಯಿಲ್ಲ. ಟವೆಲ್ ಅಲ್ಲಾಡಿತು, ನಿಂತಿತು, ಮತ್ತೆ ಅಲ್ಲಾಡಿತು. ಅಲ್ಲಾಡಿದ್ದು ಬೇನೆಯೋ ಬೆಲೆಯೋ ನನಗೆ ಹೇಳಲು ಬರುವುದಿಲ್ಲ, ಸುತ್ತಲಿನ ಯಾರಿಗೂ ಬರುತ್ತಿರಲಿಲ್ಲ. ಮೂರು ಸಲ ಇಬ್ಬರೂ ಕೈ ಬಿಟ್ಟು ದೂರ ಸರಿದರು, ಮೂರು ಸಲ ಮತ್ತೆ ಕೂಡಿದರು. ನಾಲ್ಕನೆಯ ಸಲ ಕೆಂಪು ರುಮಾಲಿನವರು ಕೈ ಕೊಡವಿ, "ಆಗೂದಿಲ್ಲ ಬಿಡು, ಭಾಳಾತು" ಎಂದು ಹೊರಟರು. ವ್ಯಾಪಾರ ಮುರಿಯಿತು.

 ಇಷ್ಟೆಲ್ಲ ಮಾಡಿ ಕೊನೆಗೆ ಹೀಗಾಯಿತೇ, ಇನ್ನು ಈ ಮನುಷ್ಯ ಮನೆಯಿಂದ ಏಳುವುದಿಲ್ಲ ಎಂದುಕೊಂಡೇ ಟಂಟಂ ಹತ್ತಿದೆ. ಕಾಕಾ ಮಗನ ಪಕ್ಕ ಕುಳಿತರು. ಎತ್ತಿನ ರೈತ ಜೋಡಿಯನ್ನು ಹೊಡೆದುಕೊಂಡು ಹಿಂದೆ ಬರುವುದಾಗಿ ಹೇಳಿದ್ದ.  ಗಾಡಿ ಸಂತೆ ದಾಟಿದ ಮೇಲೆ ಕಾಕಾನ ಬಾಯಿ ಶುರುವಾಯಿತು.

"ಹೆಂಥಾ ಜಿಪುಣ್ರಿ ಅಂವ! ಇಪ್ಪತ್ತ ವರ್ಷಾತು, ಒಂದಿನ ನ್ಯಾಯದ ಬೆಲಿ ಹಿಡದಾವಲ್ಲ. ಆ ಎತ್ತಿನ ಬೆನ್ನು ನೋಡಿದ್ರೇನ್ರಿ ಅಕ್ಕಾರ? ಹಲ್ಲು ನೋಡಿದ್ರೇನು? ಇಂಥಾ ಜೋಡಿಗೆ ಅಷ್ಟ ಹಿಡಿತಾನಂದ್ರ ಅವನ ಬೆರಳಿಗೆ ನಾಚಿಕಿ ಬ್ಯಾಡೇನ್ರಿ?"

ಊರು ಮುಟ್ಟುವವರೆಗೆ ಬೈದರು. ಅವರ ಬಾಯಿಂದ ಬೈಗುಳ ಬಂದದ್ದನ್ನು ಆರು ತಿಂಗಳಲ್ಲಿ ಅಂದೇ ಕೇಳಿದೆ. ಬೈದದ್ದು ಆ ಮನುಷ್ಯನನ್ನು, ತಮ್ಮ ಕೈಯನ್ನಲ್ಲ. ಬೈಯುತ್ತ ಬಲಗೈಯನ್ನು ಗಾಳಿಯಲ್ಲಿ ಆಡಿಸುತ್ತಿದ್ದರು, ಅದು ನಡುಗುತ್ತಿತ್ತು, ಟವೆಲ್ ಕಾಲ ಬಳಿ ಬಿದ್ದಿದ್ದನ್ನು ಅವರು ಗಮನಿಸಿರಲೂ ಇಲ್ಲ. ಬೆಲೆ ಕೂಡದೆ ವ್ಯಾಪಾರ ಮುರಿಯುವುದು ದಲಾಲನಿಗೆ ದಿನದ ಮಾತು ಎಂದು ನನಗೆ ಆಗ ತಿಳಿಯಿತು.

ಮನೆಯ ಕಟ್ಟೆಯ ಮೇಲೆ ಕುಳಿತು ಫಾರ್ಮು ತೆಗೆದೆ. ನಡುಕದ ಸಾಲಿನಲ್ಲಿ ಮೊದಲ ದಿನ ಬರೆದ ಅಂಕವನ್ನೇ ಬರೆದೆ, ಅದು ಒಂದು ಚೂರೂ ಇಳಿದಿರಲಿಲ್ಲ. ಕಾಯಿಲೆ ಮುಂದೆಯೂ ಇರುತ್ತದೆ, ವರ್ಷ ಹೋದಂತೆ ಹೆಚ್ಚುತ್ತದೆ, ಅದನ್ನು ಕಾಕಾಗೂ ಹೇಳಿದ್ದೆ. ಕೆಳಗಿನ ಸಾಲುಗಳನ್ನು ಮಾತ್ರ ಒಂದೊಂದಾಗಿ ತಿದ್ದಿದೆ: ಸ್ನಾನ, ಅಂಗಿ, ಊಟ, ಹೊರಗೆ ಹೋಗುವುದು. ನಾನು ಬರೆಯುತ್ತಿರುವಾಗಲೇ ಅಂಗಳದ ತುದಿಯಲ್ಲಿ ಬೈಕ್ ನಿಂತ ಸದ್ದಾಯಿತು. ಹಿಂದೆ ಕುಳಿತಿದ್ದವರು ಇಳಿದರು. ಕೆಂಪು ರುಮಾಲು.

ಕಾಕಾ ಕುಳಿತಲ್ಲಿಂದ ಏಳಲಿಲ್ಲ. ನನ್ನ ಕಡೆ ಬಾಗಿ ಮೆಲ್ಲಗೆ, "ಬೆಲಿ ಏರಸಾಕ ಬಂದಾನ್ರಿ" ಎಂದರು. ಆಮೇಲೆ ಒಳಗೆ ಕೂಗಿದರು, "ಏ ಇಕಿನ, ನನ್ನ ಟವಲ್ ಎಲ್ಲೈತಿ ತಾ."